ಆರ್‌ಎಕ್ಸ್ 100ಗೆ ಸ್ಟೇನ್‌ಲೆಸ್ ಬೋಲ್ಟ್ ಕಿಟ್: ಹೊಳಪು ಜಾಸ್ತಿ, ಉಪಯೋಗ ಕಮ್ಮಿ

ಆನ್‌ಲೈನ್‌ನಲ್ಲಿ ಯಮಹಾ ಆರ್‌ಎಕ್ಸ್ 100 ಬೈಕ್‌ಗೆ ‘ಫುಲ್ ಇಂಜಿನ್ ಬೋಲ್ಟ್ ಕಿಟ್’ ಅಂತ ಮಾರುತ್ತಾರಲ್ಲ, ಅಂಥದ್ದೊಂದನ್ನು ತರಿಸಿ ನೋಡಿದೆ. ಯಾರ ಕಿಟ್ ಅನ್ನೋದು ಬೇಡ ಬಿಡಿ. ಐದಕ್ಕೆ ಎರಡು ಸ್ಟಾರ್ ಕೊಡುತ್ತೇನೆ, ಅದೂ ಕೈಬಿಚ್ಚಿ. ನೋಡೋಕೆ ಚೆನ್ನಾಗಿದೆ. ಸೈಜ್ ಪ್ರಕಾರ ಚಿಕ್ಕ ಚಿಕ್ಕ ಪ್ಯಾಕೆಟ್, ಎಲ್ಲಾ ಆರು ಮೂಲೆ ಗುಳಿಯ ಅಲನ್ ತಲೆ, ಫಳಫಳ ಅನ್ನುತ್ತೆ. ಆದರೆ ಇಂಜಿನ್ ಬಿಚ್ಚಿ ಕಟ್ಟುವಾಗ ಬದಲಾಯಿಸಲೇಬೇಕಾದ ಸಾಮಾನು ಒಂದೂ ಇದರಲ್ಲಿಲ್ಲ. ಹಳೇದೇ ನಡೆಯುವ ಜಾಗಕ್ಕೆಲ್ಲ ಹೊಸದು ಕೊಟ್ಟಿದ್ದಾರೆ.

ಮೊದಲು ಒಳ್ಳೇದು ಹೇಳಿಬಿಡುತ್ತೇನೆ. ಆರ್‌ಎಕ್ಸ್ 100 ನಮ್ಮಲ್ಲಿ 1996ಕ್ಕೇ ನಿಂತುಹೋಯಿತು. ಈಗ ಓಡುತ್ತಿರುವ ಗಾಡಿಗಳ ಇಂಜಿನ್ ಯಾರ್‍ಯಾರ ಕೈಯಲ್ಲಿ ಎಷ್ಟು ಸಲ ಬಿಚ್ಚಿಸಿಕೊಂಡಿದೆಯೋ ದೇವರೇ ಬಲ್ಲ. ಸೈಡ್ ಕವರ್‌ಗಳಲ್ಲಿರುವುದು ಪ್ಲಸ್ ತಲೆಯ ಸ್ಕ್ರೂ. ಅದು ಜಪಾನಿನ ಜೆಐಎಸ್ ಅಳತೆ, ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರೊಳಗೆ ಪೂರ್ತಿ ಕೂರಲ್ಲ, ಜೋರು ಕೊಟ್ಟರೆ ಎದ್ದು ಬಂದು ತಲೆಯನ್ನೇ ತಿಂದುಹಾಕುತ್ತೆ. ಆಮೇಲೆ ಉಳಿ ಸುತ್ತಿಗೆ ಹಿಡಿಯುವ ಕಥೆ ಗೊತ್ತಲ್ವಾ. ಅಲ್ಲಿ ಅಲನ್ ಬೋಲ್ಟ್ ನಿಜಕ್ಕೂ ವಾಸಿ. ಎಂ6ಗೆ, ಅಂದರೆ 6 ಎಂಎಂ ದಪ್ಪದ ಬೋಲ್ಟ್‌ಗೆ, 5 ಎಂಎಂ ಅಲನ್ ಕೀ ಒಂದಿದ್ದರೆ ಸಾಕು. ಎರಡು ಸ್ಟಾರ್ ಇದಕ್ಕೇ.

ಇನ್ನು ತೊಂದರೆ. ಉದ್ದ ಸರಿಯಿಲ್ಲ. ಕವರ್‌ನಲ್ಲಿ ಒಂದೊಂದು ತೂತಿಗೆ ಒಂದೊಂದು ಉದ್ದದ ಸ್ಕ್ರೂ ಇರುತ್ತೆ, ಕಿಟ್‌ನವರು ಹತ್ತಿರ ಹತ್ತಿರದ ಅಳತೆಗಳನ್ನೆಲ್ಲ ಒಂದೇ ಮಾಡಿ ತುಂಬಿದ್ದಾರೆ. ಉದ್ದ ಜಾಸ್ತಿಯಾದರೆ ಬೋಲ್ಟ್ ತೂತಿನ ತಳಕ್ಕೆ ಹೋಗಿ ನಿಲ್ಲುತ್ತೆ. ಕೈಗೆ ಟೈಟ್ ಅನ್ನಿಸುತ್ತೆ, ಕವರ್ ಮಾತ್ರ ಸಡಿಲ, ಅಲ್ಲಿಂದ ಆಯಿಲ್ ಜಿನುಗುತ್ತೆ. ಗಿಡ್ಡ ಆದರೆ ಇನ್ನೂ ಕೆಟ್ಟದ್ದು. ಅಲ್ಯೂಮಿನಿಯಂ ಒಳಗೆ ಎಂ6 ಬೋಲ್ಟ್‌ನ ಥ್ರೆಡ್ ಕಮ್ಮಿ ಅಂದರೂ 9 ಎಂಎಂ ಹಿಡಿದಿರಬೇಕು, ಇಲ್ಲದಿದ್ದರೆ ಕೇಸ್‌ನ ಥ್ರೆಡ್ ಕಿತ್ತುಕೊಂಡೇ ಬರುತ್ತೆ. ಆಮೇಲೆ ಕಿತ್ತ ಥ್ರೆಡ್ ಜಾಗಕ್ಕೆ ಹೆಲಿಕಾಯಿಲ್ ಅನ್ನೋ ತಂತಿ ಸುರುಳಿ ಹಾಕಿಸೋಕೆ ಲೇತ್ ಅಂಗಡಿಗೆ ಅಲೆಯಬೇಕು. ಬಿಚ್ಚುವಾಗಲೇ ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು ಹಳೇ ಸ್ಕ್ರೂಗಳನ್ನು ಅದದೇ ಜಾಗದಲ್ಲಿ ಚುಚ್ಚಿಟ್ಟುಕೊಂಡರೆ ಯಾವ ಕಿಟ್ ಬಂದರೂ ಪಕ್ಕದಲ್ಲಿಟ್ಟು ಅಳೆಯಬಹುದು.

ಆಮೇಲೆ ಗಟ್ಟಿತನ. ಸ್ಟೇನ್‌ಲೆಸ್ ಅಂದರೆ ಗಟ್ಟಿ ಅಂತ ಎಲ್ಲರೂ ನಂಬಿದ್ದಾರೆ. ಈ ಕಿಟ್‌ನ ಬೋಲ್ಟ್ ತಲೆ ಮೇಲೆ ಎ2-70 ಅಂತಿದೆ. ಅಂದರೆ ಮುರಿಯುವ ಬಲ 700 ಮೆಗಾಪಾಸ್ಕಲ್, ಆದರೆ 450ಕ್ಕೇ ಹಿಗ್ಗಿ ಹಾಗೇ ಉಳಿದುಬಿಡುತ್ತೆ. ಸಾದಾ 8.8 ಸ್ಟೀಲ್ ಬೋಲ್ಟ್ 800ಕ್ಕೆ ಮುರಿಯುತ್ತೆ, 640ರವರೆಗೆ ಹಿಗ್ಗಿದರೂ ವಾಪಸ್ ಬರುತ್ತೆ. ಕವರ್‌ಗೆ ಇದೆಲ್ಲ ಲೆಕ್ಕಕ್ಕಿಲ್ಲ. ಸಿಲಿಂಡರ್ ಮೇಲೆ ಕೂರುವ ಹೆಡ್‌ಗೆ ಲೆಕ್ಕಕ್ಕಿದೆ, ಅದಕ್ಕೇ ಕಿಟ್‌ನ ಹೆಡ್ ನಟ್‌ಗಳನ್ನು ಡಬ್ಬಿಯಲ್ಲೇ ಬಿಟ್ಟೆ. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ನಡುವೆ ನೀರು ಸೇರಿದರೆ ಬೋಲ್ಟ್‌ಗೆ ಏನೂ ಆಗಲ್ಲ, ಕೇಸ್ ಸವೆಯುತ್ತೆ, ಕೊನೆಗೆ ಬೋಲ್ಟ್ ಕಚ್ಚಿಕೊಳ್ಳುತ್ತೆ. ಹಾಕಲೇಬೇಕು ಅಂದರೆ ಥ್ರೆಡ್‌ಗೆ ಚೂರು ಆಂಟಿ-ಸೀಜ್ (ಕಚ್ಚಿಕೊಳ್ಳದ ಹಾಗೆ ತಡೆಯುವ ಪೇಸ್ಟ್) ಸವರಿ. ಹಾಗೆ ಸವರಿದ ಮೇಲೆ ಟಾರ್ಕ್, ಅಂದರೆ ತಿರುಗಿಸಿ ಬಿಗಿಯುವ ಜೋರು, ಕಮ್ಮಿ ಕೊಡಬೇಕು, ಯಾಕಂದರೆ ಜಾರುವ ಥ್ರೆಡ್ ಅಷ್ಟೇ ಟಾರ್ಕ್‌ಗೆ ಜಾಸ್ತಿ ಎಳೆದುಬಿಡುತ್ತೆ.

ಹಾಗಾದರೆ ಹಳೇ ಬೋಲ್ಟ್ ಹಾಕಬಹುದಾ? ಬಹುತೇಕ ಎಲ್ಲವನ್ನೂ ಹಾಕಬಹುದು. ಪೆಟ್ರೋಲಲ್ಲಿ ತೊಳೆದು, ವೈರ್ ಬ್ರಶ್‌ನಲ್ಲಿ ಉಜ್ಜಿ, ಒಂದು ಹೊಸ ನಟ್ ತಗೊಂಡು ಬೆರಳಲ್ಲೇ ಥ್ರೆಡ್ ಮುಗಿಯುವವರೆಗೆ ಓಡಿಸಿ. ಸಲೀಸಾಗಿ ಓಡಿದರೆ ಸರಿ. ಅರ್ಧಕ್ಕೆ ಬಿಗಿಯಾಗಿ ನಿಂತರೆ ಅಲ್ಲಿ ಥ್ರೆಡ್ ಹಿಗ್ಗಿದೆ. ಇನ್ನೂ ಅನುಮಾನ ಇದ್ದರೆ ಹೊಸ ಬೋಲ್ಟ್‌ನ ಥ್ರೆಡ್‌ಗೆ ಹಳೇದರ ಥ್ರೆಡ್ ಕೂರಿಸಿ ಬೆಳಕಿಗೆ ಹಿಡಿಯಿರಿ. ಒಂದರೊಳಗೆ ಒಂದು ಕೂರದೆ ನಡುವೆ ಬೆಳಕು ತೂರಿದರೆ ಎಸೆಯಿರಿ. ಸೊಂಟ ಸಣ್ಣಗಾದದ್ದು, ತುಕ್ಕು ತಿಂದು ಗುಳಿ ಬಿದ್ದದ್ದು, ತಲೆ ಸವೆದದ್ದು, ಇವನ್ನೂ ಅಷ್ಟೇ. ಹೆಡ್ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಬೇಕು ಅನ್ನೋ ಮಾತು ಟಾರ್ಕ್ ಆದಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಹೇಳಿರುವ ಇಂಜಿನ್‌ಗಳದ್ದು, ಅವು ಹಿಗ್ಗೋಕೇ ಮಾಡಿದ ಬೋಲ್ಟ್‌ಗಳು. ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕಾನ್‌ರಾಡ್ ಎರಡು ತುಂಡಿದ್ದು ಬೋಲ್ಟ್ ಮೇಲೆ ನಿಂತಿದ್ದರೂ ಹೊಸದೇ ಹಾಕಿ. ಆರ್‌ಎಕ್ಸ್‌ನಲ್ಲಿ ಆ ತಲೆನೋವಿಲ್ಲ, ಕ್ರ್ಯಾಂಕ್ ಬೋಲ್ಟ್ ಇಲ್ಲದೆ ಪ್ರೆಸ್ ಮಾಡಿ ಕೂರಿಸಿದ್ದು.

ಯೋಚನೆ ಮಾಡದೆ ಬದಲಾಯಿಸಬೇಕಾದ್ದು ಬೇರೆಯೇ ಇದೆ: ಪಿಸ್ಟನ್ ಪಿನ್ ಆಚೆ ಬರದಂತೆ ಹಿಡಿಯುವ ಸರ್ಕ್ಲಿಪ್, ಕ್ಲಚ್ ನಟ್ ಹಿಂದಿನ ಮಡಚುವ ವಾಷರ್, ಆಯಿಲ್ ಡ್ರೈನ್ ವಾಷರ್. ಹಳೇ ಸರ್ಕ್ಲಿಪ್ ಒಂದು ಹಾರಿದರೆ ಬೋರ್ ಗೀಚಿ ಹೋಯಿತು, ಮತ್ತೆ ರೀಬೋರ್ ಖರ್ಚು.

ಇವನ್ನು ಸ್ಪೇರ್ ಅಂಗಡಿಯಲ್ಲಿ ತಗೊಂಡೆ. ಕೆಟ್ಟ ಬೋಲ್ಟ್‌ಗಳಿಗೆ ಬದಲಿ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಹಳೇ ನಟ್-ಬೋಲ್ಟ್ ಅಂಗಡಿಯಲ್ಲಿ ಸಿಕ್ಕಿತು. ಇದಕ್ಕೆ ನಾಲ್ಕೂವರೆ ಸ್ಟಾರ್. ಬಿಡಿಯಾಗಿ ಕೊಡುತ್ತಾರೆ, 8.8 ಬೇಕು ಅಂದರೆ ತಲೆ ಮೇಲಿನ ಗುರುತು ತೋರಿಸಿಯೇ ಕೈಗೆ ಹಾಕುತ್ತಾರೆ, ಉದ್ದ ವರ್ನಿಯರ್‌ನಲ್ಲಿ ಅಳೆದು ಕೊಟ್ಟರು. ಎಲ್ಲಾ ಸೇರಿ ಕಿಟ್ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಅರ್ಧ ಸ್ಟಾರ್ ಕಟ್ ಮಾಡಿದ್ದು ಪಾರ್ಕಿಂಗ್‌ಗೆ. ಗಾಡಿ ನಿಲ್ಲಿಸೋಕೆ ಜಾಗವೇ ಇಲ್ಲ. ಹಳೇ ಬೋಲ್ಟ್ ಜೇಬಲ್ಲಿ ಇಟ್ಟುಕೊಂಡೇ ಹೋಗಿ, ಬಾಯಲ್ಲಿ ಅಳತೆ ಹೇಳಿದರೆ ಅಲ್ಲಿ ಯಾರೂ ಕೇಳಿಸಿಕೊಳ್ಳಲ್ಲ.