ಚಾರ್ಮಾಡಿ ಮಂಜು, ಜೆ.ಸಿ. ರಸ್ತೆಯ ಫಾಗ್ ಲೈಟು: ಹಿಮಾಲಯನ್ 411ರಲ್ಲಿ ದೀರ್ಘ ಬಳಕೆಯ ವಿಮರ್ಶೆ

ನನ್ನ ರಾಯಲ್ ಎನ್‌ಫೀಲ್ಡ್ ಬೈಕು ಹಿಮಾಲಯನ್ 411ರ ಹೆಡ್‌ಲೈಟು 60/55 ವ್ಯಾಟಿನ ಎಚ್4 ಹ್ಯಾಲೊಜನ್. ಊರೊಳಗೆ ಸಾಕು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ ಮೇಲೆ, ಅದೂ ಜುಲೈ-ಆಗಸ್ಟಿನಲ್ಲಿ, ಆ ಬೆಳಕು ಯಾವ ಮೂಲೆಗೂ ಸಾಲದು. ಅದಕ್ಕೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬ್ರ್ಯಾಂಡ್ ಹೆಸರಿಲ್ಲದ, ಬಿಳಿ-ಹಳದಿ ಎರಡೂ ಉರಿಯೋ ಎಲ್‌ಇಡಿ ಲೈಟಿನ ಜೋಡಿ ತಂದೆ. ಸುಮಾರು 2,500 ರೂಪಾಯಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡೋ ಸ್ವಿಚ್ಚು), ಫ್ಯೂಸು, ವೈರು, ಸ್ವಿಚ್ಚು, ಬ್ರಾಕೆಟ್ಟು, ಕೂಲಿ ಎಲ್ಲ ಸೇರಿ ಹೆಚ್ಚುಕಡಿಮೆ ಇನ್ನೂ ಅಷ್ಟೇ ಆಯಿತು. ಲೈಟಿಗೆ ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ, ವೈರಿಂಗಿಗೆ ಐದಕ್ಕೆ ಐದು. ಈ ಬೆಲೆಯ ಲೈಟು ಇಷ್ಟು ಕಾಲ ಉರೀತಿರೋದು ಹಿಂದಿರೋ ವೈರಿಂಗಿನ ದೆಸೆಯಿಂದ.

ಬಾಕ್ಸ್ ಮೇಲೆ ಒಂದೊಂದಕ್ಕೆ 60 ವ್ಯಾಟ್ ಅಂತ ಬರೆದಿತ್ತು. ಮಲ್ಟಿಮೀಟರ್ ಹಿಡಿದರೆ ಒಂದು ಲೈಟು ಎಳೆಯೋದು ಒಂದೂವರೆ ಆಂಪ್, ಅಂದರೆ 20 ವ್ಯಾಟ್ ಆಸುಪಾಸು. ಈ ಬೆಲೆಯಲ್ಲಿ ಎಲ್ಲರದ್ದೂ ಇದೇ ಕಥೆ, ಬೇಜಾರಿಲ್ಲ. ನಿಜವಾಗಿ 60 ವ್ಯಾಟ್ ಎಳೆದಿದ್ದರೆ ಸಿಗ್ನಲ್ಲಿನಲ್ಲಿ ಐಡಲ್‌ನಲ್ಲಿ ನಿಂತಾಗ ಬ್ಯಾಟರಿ ಪಾಡು ಕಷ್ಟ ಆಗ್ತಿತ್ತು. ಈಗ ಲೈಟು ಹಾಕಿಕೊಂಡು ಐಡಲ್‌ನಲ್ಲಿ ಬಿಟ್ಟರೂ ವೋಲ್ಟೇಜು 13ರ ಕೆಳಗೆ ಇಳಿಯಲ್ಲ.

ವೈರಿಂಗ್ ವಿಷಯಕ್ಕೆ ಬರ್ತೀನಿ. ಎಲೆಕ್ಟ್ರಿಷಿಯನ್ ಮೊದಲು ಹೇಳಿದ್ದು, "ಸಾರ್, ಹೆಡ್‌ಲೈಟ್ ವೈರಿಂದಲೇ ಎಳೆದುಬಿಡ್ತೀನಿ, ಹತ್ತು ನಿಮಿಷದ ಕೆಲಸ." "ಬೇಡ ಅಣ್ಣ, ಬ್ಯಾಟರಿಯಿಂದಲೇ ತಗೊಳ್ಳೋಣ, ರಿಲೇ ತಂದಿದ್ದೀನಿ" ಅಂದೆ. "ಟ್ಯಾಂಕ್ ಎತ್ತಬೇಕಾಗುತ್ತೆ, ಅರ್ಧ ದಿನ ಹೋಗುತ್ತೆ, ನಿಮ್ಮಿಷ್ಟ" ಅಂತ ಗೊಣಗಿಕೊಂಡೇ ಸ್ಪ್ಯಾನರ್ ತಗೊಂಡ. ಆ ಅರ್ಧ ದಿನದ ಕೂಲಿ ದಂಡ ಅಂತ ಅನ್ನಿಸಿಲ್ಲ. ಹೆಡ್‌ಲೈಟಿನ ವೈರು, ಸ್ವಿಚ್ಚು ಎರಡನ್ನೂ ಕಂಪನಿಯವರು ಒಂದು ಬಲ್ಬಿನ ಲೆಕ್ಕಕ್ಕೆ ಇಟ್ಟಿರ್ತಾರೆ. ಅದರ ಮೇಲೆ ಇನ್ನೆರಡು ಲೈಟು ಹೇರಿದರೆ ಮೊದಲು ಹೆಡ್‌ಲೈಟೇ ಮಂಕಾಗುತ್ತೆ, ಆಮೇಲೆ ವೈರು ಜೋಡಿಸೋ ಪ್ಲಾಸ್ಟಿಕ್ ಕಪ್ಲರ್ ಕರಗುತ್ತೆ.

ನಾವು ಮಾಡಿದ್ದು ಹೀಗೆ. ಬ್ಯಾಟರಿ ಪಾಸಿಟಿವ್‌ನಿಂದ 1.5 ಸ್ಕ್ವೇರ್ ಎಂ.ಎಂ. ವೈರು, ಟರ್ಮಿನಲ್ ಹತ್ತಿರವೇ 7.5 ಆಂಪ್ ಫ್ಯೂಸು. ಫ್ಯೂಸನ್ನು ದೂರ, ಹ್ಯಾಂಡಲ್ ಹತ್ತಿರ ಇಟ್ಟರೆ ನಡುವಿನ ವೈರು ಫ್ರೇಮಿಗೆ ಉಜ್ಜಿ ಶಾರ್ಟ್ ಆದಾಗ ಅದು ಯಾವ ಕೆಲಸಕ್ಕೂ ಬರಲ್ಲ. ಅಲ್ಲಿಂದ ಮೊದಲ ರಿಲೇಯ 30ನೇ ನಂಬರಿನ ಪಿನ್ನಿಗೆ, ಅಂದರೆ ಕರೆಂಟು ಒಳಬರೋ ಪಿನ್ನಿಗೆ. ಆ ರಿಲೇಯನ್ನು ಆನ್ ಮಾಡೋ ಕಾಯಿಲ್ಲಿಗೆ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟು ಬರೋ ವೈರಿನಿಂದ, ಹ್ಯಾಂಡಲ್ ಸ್ವಿಚ್ಚಿನ ಮೂಲಕ ಲೈನ್ ಕೊಟ್ಟೆವು. ಕಾಯಿಲ್ಲು ಎಳೆಯೋದು 150 ಮಿಲಿಆಂಪ್ ಆಸುಪಾಸು, ಹಾಗಾಗಿ ಸ್ವಿಚ್ಚಿನ ಮೇಲೆ ಭಾರವೇ ಇಲ್ಲ. ಕೀ ತೆಗೆದರೆ ಲೈಟೂ ಆಫ್.

ನನಗೆ ತುಂಬ ಇಷ್ಟ ಆಗಿರೋದು ಎರಡನೇ ರಿಲೇ. ಅದು ಐದು ಪಿನ್ನಿನದು. ಮೊದಲ ರಿಲೇ ಆನ್ ಆದಾಗ ಕರೆಂಟು ಹೊರಬರೋ 87ನೇ ಪಿನ್ನಿನಿಂದ ಹೊರಟ ಲೈನು ಇದರ 30ಕ್ಕೆ ಬರುತ್ತೆ. ರಿಲೇ ಆಫ್ ಇದ್ದಾಗ ಕರೆಂಟು ಕೊಡೋ 87ಎಯಿಂದ ಹಳದಿ, ಆನ್ ಆದಾಗ ಕೊಡೋ 87ರಿಂದ ಬಿಳಿ. ಕಾಯಿಲ್ಲಿಗೆ ಹೈಬೀಮ್ ವೈರಿನ ಸಿಗ್ನಲ್. ಅಂದರೆ ಫಾಗ್ ಸ್ವಿಚ್ ಹಾಕಿಟ್ಟು ಡಿಪ್‌ನಲ್ಲಿ ಹೋಗ್ತಿದ್ದರೆ ಹಳದಿ ಉರಿಯುತ್ತೆ, ಹೈಬೀಮ್ ಒತ್ತಿದ ತಕ್ಷಣ ಹಳದಿ ಹೋಗಿ ಬಿಳಿ ಬರುತ್ತೆ. ಎದುರಿಂದ ಬಸ್ಸು ಬಂತು, ಡಿಪ್ ಮಾಡಿದೆ, ಬಿಳಿ ತಾನಾಗಿ ಹೋಯಿತು. ಘಾಟಿಯ ತಿರುವಿನಲ್ಲಿ ಬೇರೆ ಸ್ವಿಚ್ಚು ಹುಡುಕೋ ಕೆಲಸವಿಲ್ಲ. ಬೇರೆ ಬೈಕಿನವರು ಇದನ್ನು ಮಾಡೋ ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಕೆಲವು ಬೈಕುಗಳಲ್ಲಿ ಡಿಪ್ ಸ್ವಿಚ್ಚು ಪಾಸಿಟಿವ್ ಬದಲು ಅರ್ತ್ ಕಡೆ ಇರುತ್ತೆ, ಆಗ ಕಾಯಿಲ್ಲಿನ ಕನೆಕ್ಷನ್ನು ತಿರುವುಮುರುವು.

ಅರ್ತನ್ನು ಫ್ರೇಮಿನ ಬೋಲ್ಟಿಗೆ ಕಟ್ಟದೆ ಬ್ಯಾಟರಿ ನೆಗೆಟಿವ್‌ಗೇ ಒಯ್ದೆವು. ಬೋಲ್ಟಿನ ಪೇಂಟು, ತುಕ್ಕು ಇವೇ ಮುಂದೆ ಲೈಟು ಮಿಣಮಿಣ ಅನ್ನೋಕೆ ಕಾರಣ. ಜಾಯಿಂಟುಗಳಿಗೆಲ್ಲ ಕ್ರಿಂಪ್ (ಒತ್ತಿ ಕೂರಿಸೋ ಲೋಹದ ಜೋಡಣೆ), ಮೇಲೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯೋ ಕೊಳವೆ). ಬರೀ ಟೇಪ್ ಸುತ್ತಿದರೆ ಒಂದು ಬೇಸಿಗೆಗೆ ಅಂಟು ಬಿಟ್ಟು ಜಾರುತ್ತೆ. ಸ್ಟೀರಿಂಗ್ ಕುತ್ತಿಗೆ ಹತ್ತಿರ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸ್ವಿಚ್ಚಿನ ವೈರಿಗೆ ಅಲ್ಲಿ ಸ್ವಲ್ಪ ಸಡಿಲ ಬಿಟ್ಟೆವು.

ಇನ್ನು ಮಂಜು. ಹಳದಿ ಲೈಟು ಮಂಜನ್ನು ಸೀಳಿಕೊಂಡು ಹೋಗುತ್ತೆ ಅಂತ ಅಂಗಡಿಯಲ್ಲಿ ಹೇಳ್ತಾರೆ. ಸೀಳಲ್ಲ. ಮಂಜಿನ ಹನಿ ಬೆಳಕಿನ ತರಂಗಕ್ಕಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚದುರಿಸುತ್ತೆ. ಹಳದಿಯಲ್ಲಿ ನೀಲಿ ಅಂಶ ಕಡಿಮೆ, ವಾಪಸ್ ಬರೋ ಬೆಳಕು ಕಣ್ಣು ಕುಕ್ಕೋದೂ ಕಡಿಮೆ, ಅಷ್ಟೇ ಲಾಭ. ದಟ್ಟ ಮಂಜಿನಲ್ಲಿ ಬಿಳಿ ಹಾಕಿದರೆ ಮುಂದೆ ಯಾರೋ ಪಂಚೆ ಒಣಹಾಕಿದ ಹಾಗೆ ಕಾಣುತ್ತೆ. ನಿಜವಾಗಿ ಕೆಲಸ ಮಾಡೋದು ಲೈಟಿನ ಎತ್ತರ. ತುಂಬ ಜನ ಟ್ಯಾಂಕಿನ ಪಕ್ಕದ ರ‍್ಯಾಕಿಗೆ ಕಟ್ಟಿಸ್ತಾರೆ, ನೋಡೋಕೆ ಚೆಂದ. ನಾನು ಕೆಳಗೆ ಲೆಗ್ ಗಾರ್ಡಿಗೆ ಹಾಕಿಸಿದೆ. ಬೆಳಕು ಮಂಜಿನ ಅಡಿಯಿಂದ ಹೋಗಿ ರಸ್ತೆ ಅಂಚಿನ ಬಿಳಿ ಪಟ್ಟೆ ತೋರಿಸುತ್ತೆ. ಚಾರ್ಮಾಡಿಯಲ್ಲಿ ಅದೊಂದು ಕಂಡರೆ ಸಾಕು.

ಕೆಳಗೆ ಹಾಕಿದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ಮುಂದಿನ ಚಕ್ರದ ಕೆಸರೆಲ್ಲ ಲೈಟಿನ ಹಿಂದೆ ಬಿಸಿ ಹೊರಹಾಕೋ ಫಿನ್ನುಗಳಿಗೆ ಮೆತ್ತಿಕೊಳ್ಳುತ್ತೆ. ಅಲ್ಲಿ ಗಾಳಿ ಆಡದಿದ್ದರೆ ಎಲ್‌ಇಡಿ ಬಿಸಿಯಾಗಿ ಆಯಸ್ಸು ಕಡಿಮೆಯಾಗುತ್ತೆ, ಹಾಗಾಗಿ ಬೈಕ್ ತೊಳೆದಾಗಲೆಲ್ಲ ಹಳೇ ಟೂತ್‌ಬ್ರಷ್ ಆಡಿಸ್ತೀನಿ. ಬಾಕ್ಸ್ ಮೇಲೆ ಐಪಿ67 ಅಂತಿತ್ತು. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು ಅಂತ ಅದರ ಅರ್ಥ. ಎಡಗಡೆ ಲೈಟು ಮಳೆಗೇ ಒಳಗೆ ಬೆವರಿತು. ಅಂಗಡಿಗೆ ಒಯ್ದರೆ "ಒಣಗುತ್ತೆ ಬಿಡಿ ಸಾರ್" ಅಂದರು. ಸ್ಕ್ರೂ ಬಿಚ್ಚಿ ನೋಡಿದರೆ ರಬ್ಬರ್ ರಿಂಗು ತನ್ನ ಜಾಗದಲ್ಲಿ ಕೂತೇ ಇರಲಿಲ್ಲ, ಒಂದು ಕಡೆ ಮಡಚಿಕೊಂಡಿತ್ತು. ಸರಿಯಾಗಿ ಕೂರಿಸಿ ಸುತ್ತ ಸಿಲಿಕೋನ್ ಹಚ್ಚಿದ ಮೇಲೆ ತೊಂದರೆ ಇಲ್ಲ. ಜೊತೆಗೆ ಬಂದ ತಗಡಿನ ಬ್ರಾಕೆಟ್ಟಂತೂ ವೈಬ್ರೇಷನ್ನಿಗೆ ಬೋಲ್ಟ್ ತೂತಿನ ಹತ್ತಿರವೇ ಸೀಳಿತು. ಈಗಿರೋದು 3 ಎಂ.ಎಂ. ಸ್ಟೀಲಿನದು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟು ಹಾಕಿ ಕೂರಿಸಿದ್ದು. ಒಂದು ಸ್ಟಾರು ರಬ್ಬರಿಗೆ ಹೋಯಿತು, ಇನ್ನೊಂದು ಬ್ರಾಕೆಟ್ಟಿಗೆ.

ಅಡ್ಜಸ್ಟ್‌ಮೆಂಟ್ ಮಾಡೋಕೆ ಗೋಡೆ ಸಾಕು. ಇಪ್ಪತ್ತೈದು ಅಡಿ ದೂರದಲ್ಲಿ ಬೈಕನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಒಬ್ಬರನ್ನು ಕೂರಿಸಿ, ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಬೆಳಕಿನ ಮೇಲಂಚು ಆ ಗೆರೆಗಿಂತ ಎರಡು-ಮೂರು ಇಂಚು ಕೆಳಗೇ ಇರಬೇಕು. ಹಿಂದೆ ಲಗೇಜ್ ಕಟ್ಟಿದರೆ ಮೂತಿ ಮೇಲೇಳುತ್ತೆ, ಆಗ ಇನ್ನೂ ಇಳಿಸಬೇಕು.

ಊರೊಳಗೆ ನಾನು ಇದನ್ನು ಹಾಕೋದೇ ಇಲ್ಲ, ಕಪ್ಪು ಕವರ್ ಮುಚ್ಚಿರ್ತೀನಿ. ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಕೇಸು ಹಾಕೋಕೆ ಶುರು ಮಾಡಿದ್ದು ಸರಿಯಾಗೇ ಇದೆ. ಸಿಟಿ ಟ್ರಾಫಿಕ್ಕಿನಲ್ಲಿ ಬಿಳಿ ಎಲ್‌ಇಡಿ ಉರಿಸಿಕೊಂಡು ಬರೋರಿಗೆ ನನ್ನ ಕಡೆಯಿಂದಲೂ ಇನ್ನೊಂದು ಚಲನ್ ಬರೆಯೋ ಹಾಗಿದ್ದರೆ ಬರೀತಿದ್ದೆ.

ಇದೇ ಲೈಟನ್ನು ಇನ್ನೊಮ್ಮೆ ತಗೊಳ್ತೀರಾ ಅಂದರೆ, ಮಳೆಯಲ್ಲಿ ಘಾಟಿ ಓಡಾಟ ಇಲ್ಲದವರಿಗೆ ಧಾರಾಳವಾಗಿ ಹೇಳ್ತೀನಿ. ಮಲೆನಾಡಿನ ಕಡೆ ಓಡಾಡೋರು ಇನ್ನೊಂದೆರಡು ಸಾವಿರ ಸೇರಿಸಿ, ವಾರಂಟಿ ಇರೋದನ್ನು ತಗೊಳ್ಳಿ. ಹಾರ್ನೆಸ್ಸು, ಅಂದರೆ ಈ ವೈರಿಂಗು, ಮಾತ್ರ ಯಾವ ಲೈಟಿಗಾದರೂ ಇದೇ.