ಮಡ್ ಟೈರಾ, ಆಲ್ ಟೆರೇನಾ? ಎರಡನ್ನೂ ಹಾಕಿ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಜಿಮ್ನಿಯಲ್ಲಿ (ಮಾರುತಿಯ ಪುಟ್ಟ ಫೋರ್ ವೀಲ್ ಗಾಡಿ) ಈಗಿರುವುದು ಆಲ್ ಟೆರೇನ್ ಟೈರು, ಅಂದರೆ ಡಾಂಬರು, ಮಣ್ಣು ಎರಡಕ್ಕೂ ಆಗುವಂಥದ್ದು. ಮುಂದೆ ಹಾಕಿಸುವುದೂ ಅದನ್ನೇ. ಅದಕ್ಕೆ ಮುಂಚೆ ಹನ್ನೊಂದು ತಿಂಗಳು ಮಡ್ ಟೆರೇನ್ ಹಾಕಿಸಿದ್ದೆ. ನಮ್ಮ ಕಡೆ ಬಟನ್ ಟೈರು ಅನ್ನುತ್ತಾರಲ್ಲ, ಅದು. ಎರಡರ ಅಳತೆಯೂ ಒಂದೇ, 215/75 ಆರ್15.

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಸಕಲೇಶಪುರದ ಹತ್ತಿರ ಮಾವನ ತೋಟಕ್ಕೆ ಹೋಗುತ್ತೇನೆ. ಸುಮಾರು 220 ಕಿ.ಮೀ. ಡಾಂಬರು, ಕೊನೆಗೆ 4 ಕಿ.ಮೀ. ಕೆಂಪು ಜೇಡಿಯ ಚಡಾವು. ಮಳೆಗಾಲದಲ್ಲಿ ಆ ಚಡಾವಿಗೆ ಸೋಪು ಸವರಿದ ಹಾಗಿರುತ್ತದೆ. ಗಾಡಿ ಜೊತೆ ಬಂದ ರಸ್ತೆ ಟೈರಿಗೆ ಹತ್ತು ಮಾರು ಹೋಗುವಷ್ಟರಲ್ಲಿ ಗೀರುಗಳ ತುಂಬ ಮಣ್ಣು ಮೆತ್ತಿಕೊಂಡು ಬೋಳಾಗುತ್ತಿತ್ತು. ಅದರ ಮಾತು ಅಷ್ಟಕ್ಕೇ ಸಾಕು.

ಕೆಸರಲ್ಲಿ ಮಡ್ ಟೈರೇ ರಾಜ, ಅದರಲ್ಲಿ ಎರಡು ಮಾತಿಲ್ಲ. ಟೈರಿನ ಮೇಲಿನ ರಬ್ಬರ್ ಗಟ್ಟೆಗಳ ನಡುವೆ ಜಾಗ ಜಾಸ್ತಿ. ಚಕ್ರ ಜೋರಾಗಿ ತಿರುಗಿದ ಕೂಡಲೇ ಮಣ್ಣಿನ ಹೆಂಟೆ ಕಿತ್ತು ಹಾರುತ್ತದೆ, ಹೊಸ ಗಟ್ಟೆ ನೆಲ ಕಚ್ಚುತ್ತದೆ. ಟ್ರ್ಯಾಕ್ಟರ್ ಕೊರೆದ ಜಾಡಿನಲ್ಲಿ ಪಕ್ಕದ ಗಟ್ಟೆಗಳೂ ಗೋಡೆ ಹಿಡಿದು ಮೇಲೆತ್ತುತ್ತವೆ.

ಆದರೆ ಆ ಸದ್ದು! ಗಂಟೆಗೆ 50 ದಾಟುತ್ತಿದ್ದಂತೆ ಗುಂಯ್ ಅಂತ ಶುರುವಾಗುತ್ತದೆ. 80ಕ್ಕೆ ಬಂದರೆ ಕಿವಿಯೊಳಗೇ ಜೀರುಂಡೆ ಕೂತ ಹಾಗೆ. ಚನ್ನರಾಯಪಟ್ಟಣದ ಹತ್ತಿರ ಒಮ್ಮೆ ಹಿಂದೆ ಕೂತಿದ್ದ ಅಮ್ಮ, "ಚಕ್ರದಲ್ಲಿ ಏನೋ ಕೆಟ್ಟಿದೆ ಕಣೋ, ನಿಲ್ಲಿಸಿ ನೋಡು" ಅಂದರು. ಏನೂ ಕೆಟ್ಟಿರಲಿಲ್ಲ. ಅವತ್ತು ಊರು ಮುಟ್ಟುವ ತನಕ ಗಾಡಿಯಲ್ಲಿ ಯಾರಿಗೂ ಕಣ್ಣು ಹತ್ತಲಿಲ್ಲ.

6,000 ಕಿ.ಮೀ. ಆದಮೇಲೆ ಸದ್ದು ಇನ್ನೂ ಏರಿತು. ಟೈರಿನ ಮೇಲೆ ಕೈಯಾಡಿಸಿದೆ. ಒಂದು ಕಡೆಗೆ ನುಣುಪು, ವಾಪಸ್ ಸವರಿದರೆ ಪ್ರತಿ ಗಟ್ಟೆಯ ಅಂಚೂ ಗರಗಸದ ಹಲ್ಲಿನ ಹಾಗೆ ಅಂಗೈಗೆ ತಾಗುತ್ತದೆ. ಗಟ್ಟೆಗಳು ಒಂದೇ ಬದಿ ಸವೆದಿದ್ದವು. ಟೈರು ಅಂಗಡಿಯವರು ಹಿಂದು ಮುಂದು ಬದಲಾಯಿಸಿ ಕೊಟ್ಟರು. ಎರಡು ಟ್ರಿಪ್ ಪರವಾಗಿಲ್ಲ ಅನ್ನಿಸಿತು, ಮೂರನೆಯದಕ್ಕೆ ಮತ್ತೆ ಅದೇ ಗುಂಯ್. ಗಟ್ಟೆ ದೊಡ್ಡದು, ನಡುವಿನ ಸಂದೂ ದೊಡ್ಡದು ಅಂದಮೇಲೆ ಇದು ಇದ್ದಿದ್ದೇ. ಮೊದಲಿನಿಂದಲೇ ಆಗಾಗ ಚಕ್ರ ಬದಲಾಯಿಸಿ, ಗಾಳಿ ಸರಿಯಾಗಿಟ್ಟಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲವೇನೋ.

ಸದ್ದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಹಾಸನದ ಆಚೆ ತುಂತುರು ಮಳೆಯಲ್ಲಿ ಹಸು ಅಡ್ಡ ಬಂತು. ಬ್ರೇಕ್ ತುಳಿದರೆ ಎಬಿಎಸ್ ಟಕಟಕ ಅಂತಿದೆ, ಗಾಡಿ ಮಾತ್ರ ಇನ್ನೂ ಜಾರುತ್ತಲೇ ಇದೆ. ಹಸುವಿಗೆ ಒಂದು ಮಾರು ದೂರದಲ್ಲಿ ನಿಂತಿತು. ಒದ್ದೆ ಡಾಂಬರಿನ ನೀರು ಒರೆಸುವ ಸಣ್ಣ ಸೀಳುಗಳು ಈ ಟೈರಿನಲ್ಲಿ ತೀರಾ ಕಡಿಮೆ. ಅವತ್ತೇ ತೀರ್ಮಾನ ಮಾಡಿದೆ.

ಆಲ್ ಟೆರೇನ್ ಹಾಕಿಸಿ ಅದೇ ಚಡಾವಿಗೆ ಹೋದೆ. ಗಾಳಿ 28 ಇದ್ದಾಗ ಎರಡನೇ ತಿರುವಿನಲ್ಲೇ ಚಕ್ರ ಸುಮ್ನೆ ತಿರುಗಿತು. 18ಕ್ಕೆ ಇಳಿಸಿದೆ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು), ಎರಡನೇ ಗೇರು. ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ನಿಧಾನ ಹತ್ತಿತು. ಡಾಂಬರಿಗೆ ಬರುವ ಮುಂಚೆ ಗಾಳಿ ತುಂಬಲೇಬೇಕು, ಇಲ್ಲದಿದ್ದರೆ ಟೈರು ಕಾಯುತ್ತದೆ. ಹಾಗಾಗಿ 12 ವೋಲ್ಟಿನ ಪಂಪು ಯಾವಾಗಲೂ ಜೊತೆಗಿರುತ್ತದೆ. ನಾಲ್ಕಕ್ಕೂ ಸೇರಿ ಕಾಲು ಗಂಟೆ.

ಜುಲೈನಲ್ಲಿ ಒಂದು ದಿನ ಇದೂ ಸೋತಿತು. ಮಾವನ ಡ್ರೈವರ್ ಹಿಂದಿನ ಎರಡು ಚಕ್ರಕ್ಕೆ ಚೈನು ಸುತ್ತಿದ, ಗಾಡಿ ಹತ್ತಿತು. ಮಲೆನಾಡಿನ ಜೀಪಿನವರ ಹಳೇ ದಾರಿ ಅದು. ಚೈನು ದಾರಿಯನ್ನು ಕಿತ್ತುಹಾಕುತ್ತದೆ, ಡಾಂಬರಿಗೆ ಬಂದ ಕೂಡಲೇ ಬಿಚ್ಚಬೇಕು. ಆದರೂ ಈಗ ಒಂದು ಜೊತೆ ಡಿಕ್ಕಿಯಲ್ಲಿಟ್ಟಿದ್ದೇನೆ.

ದುಡ್ಡಿನ ಲೆಕ್ಕ: ಮಡ್ ಟೈರು ಒಂದಕ್ಕೆ ಸಾವಿರ ರೂಪಾಯಿ ಜಾಸ್ತಿ ಬಿತ್ತು, ಮೈಲೇಜೂ ಇಳಿದಿತ್ತು. ಸ್ಟೆಪ್ನಿ ಸೇರಿಸಿ ಐದೂ ಒಂದೇ ಥರ ಕೊಳ್ಳಿ. ಅಳತೆ ಬೇರೆಯಾದರೆ ಫೋರ್ ವೀಲ್‌ನಲ್ಲಿ ಗೇರುಪೆಟ್ಟಿಗೆಗೆ ಪೆಟ್ಟು.

ನನ್ನ ಹಳೇ ಐದನ್ನೂ ಪಕ್ಕದ ತೋಟದವರು ತಮ್ಮ ಬೊಲೆರೊಗೆ ಕೊಂಡರು, ಅದಕ್ಕೂ ಅದೇ ಅಳತೆ. ಅವರ ಗಾಡಿ ಸಕಲೇಶಪುರ ಪೇಟೆ ದಾಟುವುದೇ ಇಲ್ಲ. ಅವರಿಗೆ ಮಡ್ ಟೈರೇ ಸರಿ, ಅಲ್ವಾ?