ಪೀಣ್ಯದ ರಿಫ್ರ್ಯಾಕ್ಟರಿ ಡೀಲರ್: ಸಲಹೆಗೆ ಪೂರ್ತಿ ಅಂಕ, ಸ್ಟಾಕಿಗೆ ಅರ್ಧ

ನಮ್ಮ ಸಿಮೆಂಟ್ ಫ್ಯಾಕ್ಟರಿ ಇರುವುದು ಸೇಡಂ ಕಡೆ, ಖರೀದಿ ಆಫೀಸು ಬೆಂಗಳೂರಲ್ಲಿ. ಹಾಗಾಗಿ ಪ್ರಿಹೀಟರ್ ಸೈಕ್ಲೋನ್‌ಗೆ (ಕಿಲ್ನ್ ಅಂದರೆ ಸುಡುವ ಗೂಡಿಗೆ ಹೋಗುವ ಮೊದಲು ಕಚ್ಚಾ ಪುಡಿಯನ್ನು ಬಿಸಿ ಗ್ಯಾಸಿನಲ್ಲಿ ಕಾಯಿಸುವ, ಒಂದರ ಮೇಲೊಂದು ಇರುವ ಪಾತ್ರೆಗಳು) ರಿಫ್ರ್ಯಾಕ್ಟರಿ, ಅಂದರೆ ಶಾಖ ತಡೆಯುವ ಲೈನಿಂಗ್ ಮಾಲು ಬೇಕೆಂದರೆ ಪೀಣ್ಯ ಸುತ್ತುವ ಕೆಲಸ ನನ್ನದು. ಈ ಸಲ ತಗೊಂಡ ಡೀಲರ್ ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಗುಳವೂ ಇದೆ.

ಮೊದಲು ಒಳ್ಳೆಯದು. ಉಳಿದ ಅಂಗಡಿಗಳಲ್ಲಿ "70 ಪರ್ಸೆಂಟ್ ಅಲ್ಯೂಮಿನಾ ಇಟ್ಟಿಗೆ ಹಾಕ್ಸಿ ಸಾರ್, ಕಣ್ಮುಚ್ಕೊಂಡು ಹಾಕ್ಸಿ" ಅನ್ನುತ್ತಾರೆ. ಇವರು ಎಷ್ಟು ಟನ್ ಅಂತ ಕೇಳುವ ಮೊದಲೇ ಯಾವ ಸ್ಟೇಜ್ (ಎಷ್ಟನೇ ಸೈಕ್ಲೋನ್), ಯಾವ ಇಂಧನ, ಕ್ಲೋರಿನ್ ಎಷ್ಟು ಅಂತ ಕೇಳಿದರು. ಅದು ಸರಿಯಾದ ಪ್ರಶ್ನೆ. ಮೇಲಿನ ಸೈಕ್ಲೋನ್‌ನಲ್ಲಿ ಗ್ಯಾಸು ಸುಮಾರು 300-350 ಡಿಗ್ರಿ, ಕೆಳಗಿನದರಲ್ಲಿ 850ರ ಆಸುಪಾಸು. ಕಿಲ್ನ್‌ನಿಂದ ಎದ್ದ ಕ್ಷಾರದ ಆವಿ ಕೆಳಗಿನ ಸೈಕ್ಲೋನ್‌ಗಳಲ್ಲೇ ಇಟ್ಟಿಗೆಯ ರಂಧ್ರಕ್ಕೆ ನುಗ್ಗಿ, ಒಳಗಿನ ಅಲ್ಯೂಮಿನಾ, ಸಿಲಿಕಾ ಜೊತೆ ಸೇರಿ ಊದಿಕೊಳ್ಳುತ್ತದೆ. ಆಮೇಲೆ ಲೈನಿಂಗ್ ಪದರ ಪದರವಾಗಿ ಕಳಚಿ ಬೀಳುತ್ತದೆ. ಅಲ್ಲಿ ಅಲ್ಯೂಮಿನಾ ಕಡಿಮೆ ಇರುವ, ಕ್ಷಾರ ತಡೆಯುವ ಇಟ್ಟಿಗೆಯೇ ವಾಸಿ, ಅದರ ಮೈಮೇಲೆ ಗಾಜಿನಂಥ ಪೊರೆ ಕಟ್ಟಿ ಆವಿ ಒಳಗೆ ಹೋಗದ ಹಾಗೆ ಮಾಡುತ್ತದೆ. ಜಾಸ್ತಿ ದುಡ್ಡು ಕೊಟ್ಟ ಮಾತ್ರಕ್ಕೆ ಜಾಸ್ತಿ ಬಾಳಿಕೆ ಬರುವುದಿಲ್ಲ, ಅಲ್ವಾ?

ಕೋನ್‌ನ ಕೆಳಭಾಗ, ರೈಸರ್ (ಗ್ಯಾಸು ಮೇಲೇರುವ ಕೊಳವೆ), ಹೀಗೆ ಮಾಲು ಅಂಟಿಕೊಂಡು ಜಾಮ್ ಆಗುವ ಕಡೆಗೆ ಮಾತ್ರ ಸಿಲಿಕಾನ್ ಕಾರ್ಬೈಡ್ ಕ್ಯಾಸ್ಟಬಲ್ (ನೀರು ಕಲಸಿ ಕಾಂಕ್ರೀಟಿನ ಹಾಗೆ ಎರಕ ಹೊಯ್ಯುವ ಮಾಲು) ಹೇಳಿದರು. ದುಬಾರಿ. ಶಾಖವನ್ನೂ ಬೇಗ ದಾಟಿಸುತ್ತದೆ, ಹಿಂದಿನ ಇನ್ಸುಲೇಶನ್ ಬೋರ್ಡ್ ಸರಿಯಿಲ್ಲದಿದ್ದರೆ ಹೊರಗಿನ ಶೆಲ್ ಕಾಯುತ್ತದೆ. ಇದನ್ನೂ ಅವರೇ ಹೇಳಿದ್ದು, ವ್ಯಾಪಾರ ಹೋದರೂ ಹೋಗಲಿ ಅಂತ. ಆಂಕರ್‌ಗಳ (ಕ್ಯಾಸ್ಟಬಲನ್ನು ಶೆಲ್ಲಿಗೆ ಹಿಡಿದಿಡುವ ಸ್ಟೀಲ್ ಕೊಕ್ಕೆ) ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿಯೇ ಕಳಿಸಿದ್ದರು. ಕಾದಾಗ ಸ್ಟೀಲು ಕ್ಯಾಸ್ಟಬಲ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಕ್ಯಾಪ್ ಸುಟ್ಟುಹೋಗಿ ಅದಕ್ಕೆ ಜಾಗ ಬಿಡದಿದ್ದರೆ ಬಿರುಕು ಗ್ಯಾರಂಟಿ.

ಅವರ ಸೂಪರ್‌ವೈಸರ್ ಒಳ್ಳೆ ಕೈ. ಪ್ಯಾನ್ ಮಿಕ್ಸರ್‌ನಿಂದ ಒಂದು ಹಿಡಿ ತೆಗೆದು, ಮುದ್ದೆ ಕಟ್ಟುವ ಹಾಗೆ ಉಂಡೆ ಮಾಡಿ, ಗೇಣುದ್ದ ಮೇಲೆ ಎಸೆದು ಹಿಡಿದ. ಒಡೆದರೆ ನೀರು ಕಮ್ಮಿ, ಬೆರಳ ಸಂದಿಯಲ್ಲಿ ಇಳಿದರೆ ಹೆಚ್ಚು. ಸುಮ್ನೆ ಪೈಪ್ ಹಿಡಿದು ನೀರು ಬಿಡಲು ಬಂದ ಹುಡುಗನಿಗೆ ಸರಿಯಾಗಿ ಬೈದ. ಲೋ ಸಿಮೆಂಟ್ (ಸಿಮೆಂಟ್ ಅಂಶ ಕಡಿಮೆ ಇರುವ) ಮಾಲಿಗೆ ನೀರು ಸ್ವಲ್ಪ ಹೆಚ್ಚಾದರೂ ಗಟ್ಟಿತನ ಹೋಯಿತು.

ಈಗ ಬೈಗುಳ. ಇಂಥ ಮಾಲು ಸಾಮಾನ್ಯವಾಗಿ ಆರು ತಿಂಗಳೊಳಗೆ ಬಳಸಬೇಕು. ನಮಗೆ ಬಂದ ಲೋಡಿನಲ್ಲಿ ಅಡಿಯ ಸಾಲಿನ ಚೀಲಗಳು ಆ ಗಡುವಿನ ಅಂಚಿನಲ್ಲಿದ್ದವು, ಕೆಲವು ತೇವಕ್ಕೆ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಜಗಳ ಆಡಿದ ಮೇಲೆ ಬದಲಿ ಕೊಟ್ಟರು, ಲಾರಿ ಬಾಡಿಗೆ ಮಾತ್ರ ನಮ್ಮ ತಲೆಗೇ. ಇನ್ನೊಂದು, ಎರಕ ಮುಗಿದ ತಕ್ಷಣ ಸೂಪರ್‌ವೈಸರ್ ಬಸ್ಸು ಹತ್ತಿದ. ಒಣಗಿಸುವ ಚಾರ್ಟ್ ಒಂದು ಹಾಳೆಯಲ್ಲಿ ಕೊಟ್ಟು ಹೋಗಿದ್ದ, ಅಷ್ಟೇ. ನಿಜವಾದ ಅಪಾಯ ಇರುವುದೇ ಅಲ್ಲಿ: 110-150 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸದೆ ಬರ್ನರ್ ಏರಿಸಿದರೆ ಒಳಗಿನ ನೀರು ಆವಿಯಾಗಿ ಲೈನಿಂಗನ್ನೇ ಸಿಡಿಸುತ್ತದೆ. ಪ್ರೊಡಕ್ಷನ್‌ನವರು ಗಡಿಯಾರ ನೋಡುತ್ತಾ ನಿಂತಿರುವಾಗ ಅವರನ್ನು ತಡೆಯಲು ಮಾಲು ಕೊಟ್ಟವರ ಕಡೆಯವರು ಒಬ್ಬರು ಇರಬೇಕಿತ್ತು.

ಮುಂದಿನ ಶಟ್‌ಡೌನ್‌ಗೂ ಇವರ ಹತ್ತಿರವೇ ಹೋಗುತ್ತೇನೆ. ಚೀಲದ ತಯಾರಿ ತಾರೀಖು, ಒಣಗಿಸುವವರೆಗೂ ಸೂಪರ್‌ವೈಸರ್ ಇರಬೇಕೆಂಬುದು, ಎರಡನ್ನೂ ಆರ್ಡರ್‌ನಲ್ಲೇ ಬರೆಸುತ್ತೇನೆ. ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಓನರ್ ಸಿಗುವುದಿಲ್ಲ, ಕೌಂಟರ್ ಹುಡುಗ ನಿಮಗೂ 70 ಪರ್ಸೆಂಟೇ ಹೇಳುತ್ತಾನೆ.